ಕೊಟ್ಟಿಗೆ ಗೋಡೆ ಮುಂದೆ ನಮ್ಮ ಮದುವೆ

"ಹಸೆ ಬರೀಬೇಕು ಅಂತೀಯಲ್ಲ ಮಗಾ, ಗೋಡೆ ಎಲ್ಲೈತೆ?"

2025ರ ಸಂಕ್ರಾಂತಿಗೆ ಊರಿಗೆ ಹೋದಾಗ ಅಜ್ಜಿ ಕೇಳಿದ ಪ್ರಶ್ನೆ ಇದು. ಮದುವೆ ಮೇ 18, ಭಾನುವಾರ ಅಂತ ನಿಕ್ಕಿಯಾಗಿತ್ತು. ನಾನು ಜಗಲಿ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಏನೇನು ಬೇಕು, ಯಾರು ನೋಡಿಕೊಳ್ಳಬೇಕು, ಎಷ್ಟು ಖರ್ಚು ಅಂತ ಎಕ್ಸೆಲ್ ಶೀಟು ತುಂಬಿಸ್ತಾ ಕೂತಿದ್ದೆ. ಹದಿನೇಳನೇ ಸಾಲಿನಲ್ಲಿ "ಹಸೆ ಚಿತ್ತಾರ, ಅಜ್ಜಿ, ಸೊನ್ನೆ ರೂಪಾಯಿ" ಅಂತ ಬರೆದು ಮುಂದೆ ಹೋಗಿದ್ದೆ. ಅಷ್ಟು ಸಲೀಸು ಅಂದುಕೊಂಡಿದ್ದೆ.

ಅಜ್ಜಿ ಎದುರಿಗಿದ್ದ ಗೋಡೆ ತೋರಿಸಿದಳು. ನಮ್ಮ ಮನೆ ಹದಿನಾಲ್ಕು ವರ್ಷದ ಹಿಂದೆ ಕೆಡವಿ ಕಟ್ಟಿದ್ದು. ಸಿಮೆಂಟು ಗಾರೆ, ಅದರ ಮೇಲೆ ಪುಟ್ಟಿ, ಅದರ ಮೇಲೆ ತಿಳಿಹಸಿರು ಎಮಲ್ಷನ್. ಒದ್ದೆ ಬಟ್ಟೆ ಆಡಿಸಿದರೆ ಮಕ್ಕಳು ಗೀಚಿದ್ದೆಲ್ಲ ಹೋಗುತ್ತೆ ಅಂತ ಅಂಗಡಿಯವರು ಹೊಗಳಿ ಕೊಟ್ಟ ಬಣ್ಣ. ಅಂಥ ಗೋಡೆ ಮೇಲೆ ಅಕ್ಕಿ ಹಿಟ್ಟಿನ ಗೀಟು ನಿಲ್ಲೋದುಂಟೆ? ಅಜ್ಜಿ ಬೆರಳಿಗೆ ಚಹಾ ಅದ್ದಿ ಗೋಡೆ ಮೇಲೆ ಒಂದು ಗೆರೆ ಎಳೆದಳು. ಚಹಾ ಗುಂಡುಗುಂಡಾಗಿ ಕೆಳಗೆ ಜಾರಿ ಹೋಯಿತು. "ನೋಡು" ಅಂದಳು. ಸೆರಗಲ್ಲಿ ಒರೆಸಿದಳು. ನಿಜಕ್ಕೂ ಒಂದು ಕಲೆಯೂ ಉಳಿಯಲಿಲ್ಲ.

ಗೊತ್ತಿಲ್ಲದವರಿಗೆ ಹೇಳಿಬಿಡ್ತೀನಿ. ನಾವು ದೀವರು. ಸಾಗರ, ಸೊರಬ, ಹೊಸನಗರ, ಸಿದ್ದಾಪುರದ ಕಡೆ ನಮ್ಮ ಜನ ಜಾಸ್ತಿ. ನಮ್ಮಲ್ಲಿ ಮದುವೆ ಅಂದ್ರೆ ಮದುಮಕ್ಕಳನ್ನು ಕೂರಿಸೋ ಗೋಡೆಗೆ ಕೆಮ್ಮಣ್ಣು ಬಳಿದು, ಅದರ ಮೇಲೆ ಹೆಂಗಸರು ಹಸೆ ಬರೀತಾರೆ. ಬಿಳಿಗೆ ನೆನೆಸಿ ಅರೆದ ಅಕ್ಕಿ, ಕಪ್ಪಿಗೆ ಹೊತ್ತಿಸಿ ಹುರಿದ ಅಕ್ಕಿ, ಹಳದಿಗೆ ಗುರಿಗೆ ಬೀಜ, ಕೆಂಪಿಗೆ ಆ ಮಣ್ಣೇ. ಕುಂಚ ಪುಂಡಿ ನಾರಿನದು. ಈಗ ಇದು ಪೇಂಟಿಂಗ್ ಅಂತ ಫ್ರೇಮಿನೊಳಗೆ ಸೇರಿ ಬೆಂಗಳೂರಿನ ಮೇಳಗಳಿಗೂ ಬಂದಿದೆ. ಟೀ ಕಪ್ಪಿನ ಮೇಲೂ ನೋಡಿದೀನಿ. ನಮ್ಮೂರ ಮದುವೆಗಳಲ್ಲಿ ಮಾತ್ರ ಫ್ಲೆಕ್ಸ್ ಬಂದಿದೆ. ಹಸೆಯ ಫೋಟೋ ತೆಗೆದು ದೊಡ್ಡದಾಗಿ ಪ್ರಿಂಟ್ ಹಾಕಿಸಿ, ನಾಲ್ಕು ಮೂಲೆಗೆ ಹಗ್ಗ ಕಟ್ಟಿದರೆ ಮುಗೀತು. ನನ್ನ ದೊಡ್ಡಪ್ಪನ ಮಗಳ ಮದುವೆಯಲ್ಲಿ ಕಟ್ಟಿದ್ದ ಫ್ಲೆಕ್ಸ್ ಆಮೇಲೆ ಎರಡು ಮಳೆಗಾಲ ಸೌದೆ ರಾಶಿಗೆ ಹೊದಿಕೆಯಾಗಿತ್ತು. ಅಡ್ಡಿಲ್ಲ, ಉಪಯೋಗವಾಯ್ತಲ್ಲ.

ನನಗೆ ಗೋಡೆಯೇ ಬೇಕಿತ್ತು. ಇದರಲ್ಲಿ ದೊಡ್ಡ ಆದರ್ಶ ಏನೂ ಇಲ್ಲ. ಸಂಕ್ರಾಂತಿಯ ಹಿಂದಿನ ತಿಂಗಳು ಬೆಂಗಳೂರಿನಲ್ಲಿ ಒಂದು ಇವೆಂಟ್ ಕಂಪನಿಯವರ ಹತ್ತಿರ ಹೋಗಿದ್ದೆ. ಅವರ ಪಟ್ಟಿಯಲ್ಲಿ "ಮಲೆನಾಡು ಥೀಮ್" ಅಂತಲೇ ಒಂದು ಪ್ಯಾಕೇಜಿತ್ತು. ಥರ್ಮಾಕೋಲಿನ ಹೆಂಚಿನ ಮನೆ, ಪ್ಲಾಸ್ಟಿಕ್ ಅಡಿಕೆ ಸಿಂಗಾರ (ಅಡಿಕೆಯ ಹೂಗೊಂಚಲು), ಹಿಂದೆ ಹಸೆ ಚಿತ್ತಾರದ ಪ್ರಿಂಟು. ಎರಡು ಲಕ್ಷದ ಎಂಬತ್ತು ಸಾವಿರ. ಸಾಗಾಣಿಕೆ ಬೇರೆ. ಸಾಗರದಲ್ಲಿ ಮದುವೆ ಅಂದಾಗ, "ಓ, ಅಲ್ಲಿಗೆ ಇದನ್ನೆಲ್ಲ ಲಾರಿಯಲ್ಲಿ ಕಳಿಸ್ತೀವಿ ಮೇಡಂ, ಯೋಚನೆ ಮಾಡಬೇಡಿ" ಅಂದ್ರು. ಅಡಿಕೆ ತೋಟದ ನಡುವೆ ಇರೋ ಮನೆಗೆ ಪ್ಲಾಸ್ಟಿಕ್ ಸಿಂಗಾರದ ಲಾರಿ! ಹೊರಗೆ ಬಂದು ನಾನೂ ಅವನೂ (ಅವನು ಅಂದ್ರೆ ಈಗಿನ ನನ್ನ ಗಂಡ, ಸೊರಬದವನು) ಒಂದೊಂದು ಕಾಫಿ ಕುಡಿದು, ಊರಲ್ಲೇ, ಮನೆ ಅಂಗಳದಲ್ಲೇ, ಊರಲ್ಲಿ ಆಗ ಏನು ಸಿಗುತ್ತೋ ಅದರಲ್ಲೇ ಮಾಡೋಣ ಅಂತ ತೀರ್ಮಾನ ಮಾಡಿದ್ವಿ. ಕಲ್ಯಾಣ ಮಂಟಪ ಬೇಡ ಅಂದಿದ್ದಕ್ಕೆ ಅವನ ಮನೆಯವರು ಎರಡು ದಿನ ಫೋನ್ ತೆಗೀಲಿಲ್ಲ.

ಗೋಡೆ ವಿಷಯಕ್ಕೆ ಬರ್ತೀನಿ. ಊರಲ್ಲಿ ನಮ್ಮದು ಅಂತ ಉಳಿದಿದ್ದ ಮಣ್ಣಿನ ಗೋಡೆ ಒಂದೇ, ಕೊಟ್ಟಿಗೆಯದು. ಮನೆ ಕೆಡವಿದಾಗ ದುಡ್ಡು ಸಾಲದೆ ಅದನ್ನು ಹಾಗೇ ಬಿಟ್ಟಿದ್ದರು. ಅಪ್ಪ ದನ ಮಾರಿ ಆರು ವರ್ಷವಾಗಿತ್ತು. ಒಳಗೆ ಅಡಿಕೆ ಚೀಲ, ಔಷಧಿ ಹೊಡೆಯೋ ಪಂಪು, ತಮ್ಮನ ಬೈಕು. ಅಂಗಳಕ್ಕೆ ಮುಖ ಮಾಡಿದ ಗೋಡೆ ಮಾತ್ರ ಅಗಲಕ್ಕೆ, ಎತ್ತರಕ್ಕೆ, ಸೂರಿನ ಕೆಳಗೆ ಚೆನ್ನಾಗಿ ನಿಂತಿತ್ತು. ಅಜ್ಜಿ ಹೋಗಿ ಅದನ್ನು ಎಮ್ಮೆಯ ಬೆನ್ನು ತಟ್ಟೋ ಹಾಗೆ ಎರಡು ಸಲ ತಟ್ಟಿದಳು. "ಇದಾತು."

ಅಮ್ಮನಿಗೆ ತಲೆ ಕೆಟ್ಟುಹೋಯಿತು. "ಕೊಟ್ಟಿಗೆ ಮುಂದೆ ಮಗಳ ಮದುವೆ ಮಾಡಿದೆ ಅಂತ ಬೀಗರು ಆಡಿಕೊಳ್ಳಲಿ ಅಂತನಾ? ಇಷ್ಟು ಓದಿಸಿ, ಇಷ್ಟು ಖರ್ಚು ಮಾಡಿ ಮನೆ ಕಟ್ಟಿದ್ದು ಎಂತಕ್ಕೆ ಹಂಗಾರೆ?" ಅವಳ ಮಾತಲ್ಲೂ ಸುಳ್ಳಿರಲಿಲ್ಲ. ಮದುವೆಯಾಗಿ ಬಂದಾಗಿನಿಂದ ಸಗಣಿ ಬಾಚಿ, ಮಣ್ಣು ನೆಲ ಸಾರಿಸಿ ಸೊಂಟ ಬಿದ್ದವಳು ಅವಳು. ಟೈಲ್ಸ್ ನೆಲ, ಹೊಳೆಯೋ ಗೋಡೆ ಅವಳ ಪಾಲಿಗೆ ಬಿಡುಗಡೆ. ನಾನು ಬೆಂಗಳೂರಿಂದ ಬಂದು "ಮಣ್ಣಿನ ಗೋಡೆ ಎಷ್ಟು ಚಂದ" ಅಂದ್ರೆ ಅವಳಿಗೆ ಹೇಗಾಗಿರಬೇಡ! ಇದು ನನಗೆ ಹೊಳೆದಿದ್ದು ಬಹಳ ತಡವಾಗಿ. ಆಗ ಬರೀ ಜಗಳ ಆಡಿದೆ. ಕೊನೆಗೆ ಆದ ರಾಜಿ ಹೀಗೆ: ಧಾರೆ ಕೊಟ್ಟಿಗೆ ಗೋಡೆ ಮುಂದೆ, ಫೋಟೋ ತೆಗೆಸಿಕೊಳ್ಳೋಕೆ ಸಿಂಹಾಸನದಂಥ ಎರಡು ಕೆಂಪು ಕುರ್ಚಿ ಜಗಲಿ ಮೇಲೆ. ಆ ಕುರ್ಚಿಗಳ ಬಾಡಿಗೆ ನಾಲ್ಕು ಸಾವಿರ. ನಾನು ಮಾತಾಡಲಿಲ್ಲ.

ಊರಿನದು, ಆಯಾ ಕಾಲದ್ದು ಅಂತ ಮದುವೆ ಮಾಡೋಕೆ ಹೊರಟವರು ಮೊದಲು ತಿಳ್ಕೊಬೇಕಾಗಿದ್ದು, ಇದಕ್ಕೆ ಕೊನೇ ಗಳಿಗೆಯ ಆರ್ಡರ್ ಅನ್ನೋದಿಲ್ಲ. ಮೇ ತಿಂಗಳ ಉಪ್ಪಿನಕಾಯಿ ಮಾರ್ಚಲ್ಲಿ ಮರದಲ್ಲಿರುತ್ತೆ. ಆಗ ಬಿಟ್ಟರೆ ಬಿಟ್ಟ ಹಾಗೇ. ಅಪ್ಪೆ ಮಿಡಿ ಅಂದ್ರೆ ಸುಮ್ಮನೆ ಮಾವಿನ ಮಿಡಿ ಅಲ್ಲ ಅಂತ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ತೊಟ್ಟು ಮುರಿದು ಮೂಗಿಗೆ ಹಿಡಿದರೆ ಆ ಸೊನೆಯ ಪರಿಮಳದಲ್ಲೇ ಯಾವ ಮರದ್ದು ಅಂತ ಹೇಳೋರಿದ್ದಾರೆ. ನಮ್ಮ ಅತ್ತೆ (ಅಪ್ಪನ ತಂಗಿ) ಅಂಥವಳು. ರಿಪ್ಪನ್‌ಪೇಟೆ ಕಡೆಯಿಂದ ತಂದು ಮಾರೋರ ಬುಟ್ಟಿಗೆ ಕೈಹಾಕಿ, ಒಂದೊಂದೇ ಮೂಸಿ, "ಇದು ಬಿದ್ದಿದ್ದು, ಇದು ಇಳಿಸಿದ್ದು" ಅಂತ ಬೇರೆ ಮಾಡಿದಳು. ಕೊಂಬೆ ಅಲುಗಿಸಿ ಕೆಡವಿದ ಮಿಡಿ ಒಳಗೆ ಪೆಟ್ಟಾಗಿರುತ್ತೆ, ಭರಣಿಯಲ್ಲಿ ಮೆತ್ತಗಾಗಿ ಉಳಿದಿದ್ದನ್ನೂ ಹಾಳು ಮಾಡುತ್ತೆ. ಮರ ಹತ್ತಿ ಕೊಯ್ದು, ಹಗ್ಗ ಕಟ್ಟಿದ ಬುಟ್ಟಿಯಲ್ಲಿ ಇಳಿಸಿದ್ದು ಮಾತ್ರ ವರ್ಷಗಟ್ಟಲೆ ಗಟ್ಟಿ. ನೂರರ ಲೆಕ್ಕದಲ್ಲಿ ಮಾರೋದು. ಎಲೆಗೊಂದು, ಮೇಲೆ ಒಂದಿಷ್ಟು ಅಂತ ಲೆಕ್ಕ ಹಾಕಿ ಎಂಟುನೂರು ಕೊಂಡ್ವಿ. ಅತ್ತೆ ಉಪ್ಪಲ್ಲಿ ಹಾಕಿ, ಮಿಡಿ ಸುಕ್ಕುಗಟ್ಟಿದ ಮೇಲೆ ಆ ಉಪ್ಪುನೀರಲ್ಲೇ ಸಾಸಿವೆ, ಮೆಣಸು ಅರೆದು ಕಲಸಿದಳು. ಭರಣಿ ಬಾಯಿಗೆ ಬಟ್ಟೆ ಕಟ್ಟಿ "ಮದುವೆ ದಿನದವರೆಗೆ ಯಾರೂ ಮುಟ್ಟಂಗಿಲ್ಲ" ಅಂದಳು. ತಮ್ಮ ಮುಟ್ಟಿದ. ಮದುವೆ ಹೊತ್ತಿಗೆ ಏಳುನೂರ ಚಿಲ್ಲರೆ ಇತ್ತು.

ಬಾಸಿಂಗಕ್ಕೂ ಹಾಗೇ ಮೊದಲೇ ಹೋಗಿ ಹೇಳಬೇಕಾಯ್ತು. ಸಾಗರದಲ್ಲಿ ಗುಡಿಗಾರರ ಮನೆಗಳಿವೆ. ಗಂಧದ ಕೆತ್ತನೆ ಎಲ್ಲರಿಗೂ ಗೊತ್ತು, ಬೆಂಡಿನ ಕೆಲಸ ಅಷ್ಟು ಗೊತ್ತಿಲ್ಲ. ಬೆಂಡು ಅಂದ್ರೆ ಕೆರೆ ನೀರಲ್ಲಿ ಬೆಳೆಯೋ ಗಿಡದ ಒಳಗಿನ ಬಿಳಿ ತಿರುಳು. ನಾವು ಹೋದಾಗ ಅವರು ಅದನ್ನು ಚೂರಿಯಿಂದ ಉರುಳಿಸಿ ಉರುಳಿಸಿ ಕಾಗದದಷ್ಟು ತೆಳ್ಳಗೆ ಸುಲೀತಾ ಇದ್ರು. ಥರ್ಮಾಕೋಲಿನದು ಅರ್ಧ ಬೆಲೆಗೆ ಕೊಡ್ತೀನಿ ಅಂತಲೂ ಹೇಳಿದರು, ಪಾಪ, ಕೇಳೋರೆಲ್ಲ ಅದನ್ನೇ ಕೇಳ್ತಾರಂತೆ. ಎರಡನ್ನೂ ಕೈಗೆ ಕೊಟ್ಟರು. ಥರ್ಮಾಕೋಲು ಉಗುರು ತಾಗಿದರೆ ಕಾಳುಕಾಳಾಗಿ ಉದುರಿತು. ಬೆಂಡಿನ ಎಸಳು ಬೆರಳಿನ ಮೇಲೆ ಹಾಗೇ ಬಾಗಿ ಕೂತಿತು. ತೂಕವೇ ಇಲ್ಲ. ಮದುವೆ ದಿನ ಎರಡು ಗಂಟೆ ಹಣೆಗೆ ಕಟ್ಟಿಕೊಂಡಿದ್ದರೂ ತಲೆನೋವು ಬರಲಿಲ್ಲ ಅನ್ನೋದೇ ನನ್ನ ಸರ್ಟಿಫಿಕೇಟು.

ಸೀರೆ ಬಗ್ಗೆ ಬರೆಯಲ್ಲ. ಅಮ್ಮ ಆರಿಸಿದಳು, ನಾನು ಉಟ್ಟೆ.

ಯುಗಾದಿ ಆದ ವಾರ ಗೋಡೆ ಕೆಲಸ ಶುರುವಾಯ್ತು. ಇಲಿ ಬಿಲ ಮುಚ್ಚಿ, ದನ ಕಟ್ಟೋ ಗೂಟದ ತೂತು ತುಂಬಿ, ಮೇಲೆ ಸಗಣಿ ಸೇರಿಸಿದ ಮಣ್ಣು ಮೆತ್ತಬೇಕು. ಕೊಟ್ಟಿಗೆ ನಮ್ಮದು, ಸಗಣಿ ಪಕ್ಕದ ಮನೆಯದು. ಎರಡು ಬುಟ್ಟಿ ಕೇಳಿ ತರೋಕೆ ಅಪ್ಪನಿಗೆ ಆದ ನಾಚಿಕೆ ಬ್ಯಾಂಕ್ ಸಾಲ ಕೇಳೋವಾಗಲೂ ಆಗಿರಲಿಲ್ಲವಂತೆ. ಮೇಲೆ ಕೆಮ್ಮಣ್ಣು ಬಳಿದು ಒಣಗಿದಾಗ ಆ ಗೋಡೆ ಇಡೀ ಅಂಗಳದ ಬಣ್ಣವನ್ನೇ ಬದಲಾಯಿಸಿತು. ಪಕ್ಕದಲ್ಲಿದ್ದ ತಿಳಿಹಸಿರು ಮನೆ ಸ್ವಲ್ಪ ಬಡವಾದ ಹಾಗೆ ಕಾಣಿಸ್ತು. ಅಮ್ಮನ ಮುಂದೆ ಇದನ್ನು ಹೇಳಲಿಲ್ಲ.

ಬರೆಯೋಕೆ ಮೇ ಮೊದಲ ವಾರ ರಜೆ ಹಾಕಿ ಬಂದೆ. ಅಜ್ಜಿಗೆ ಆಗ ಎಂಬತ್ತೆರಡು. ಕೈ ನಡುಗುತ್ತೆ. ಹಾಗಾಗಿ ಎಳೆ ಎಳೆಯೋದು ಅತ್ತೆ, ತುಂಬೋದು ನಾನು, ಕುರ್ಚಿಯಲ್ಲಿ ಕೂತು ಬೈಯೋದು ಅಜ್ಜಿ. ಅಕ್ಕಿಯನ್ನು ನಾನು ಮಿಕ್ಸಿಗೆ ಹಾಕಿದ್ದೆ. ಅಜ್ಜಿ ಎರಡು ಬೆರಳಲ್ಲಿ ಉಜ್ಜಿ ನೋಡಿ ಚೆಲ್ಲಿದಳು. ರವೆ ಉಳಿದಿದೆ, ನಾರಿಗೆ ಸಿಕ್ಕಿಕೊಂಡು ಗೀಟು ಒಡೆಯುತ್ತೆ ಅಂತ. ಒರಳಲ್ಲಿ ಮುಕ್ಕಾಲು ಗಂಟೆ ಅರೆದ ಮೇಲೆ ಹಾಲಿನ ಹಾಗೆ ಬಂತು. ಪುಂಡಿ ನಾರು ನೆನೆಸಿ, ತುದಿ ಜಜ್ಜಿ, ದಪ್ಪ ಗೀಟಿಗೆ ನಾಲ್ಕೈದು ಎಳೆ ಸೇರಿಸಿ ಕಟ್ಟಿದ್ದು ಒಂದು, ಸಣ್ಣದಕ್ಕೆ ಒಂದೇ ಎಳೆಯದು ಇನ್ನೊಂದು. ಅತ್ತೆ ಆ ನಾರನ್ನು ಹಿಟ್ಟಲ್ಲಿ ಅದ್ದಿ, ಬಟ್ಟಲ ಅಂಚಿಗೆ ಒಮ್ಮೆ ಒರೆಸಿ, ಗೋಡೆಗೆ ಹೆಚ್ಚುಕಡಿಮೆ ಮಲಗಿಸಿದ ಹಾಗೆ ಇಟ್ಟು ಉಸಿರು ಹಿಡಿದು ಎಳೀತಾಳೆ. ಎಳೆಯುವಾಗ ಏನೂ ಕಾಣಲ್ಲ, ಬರೀ ಒದ್ದೆ ಗೆರೆ. ಒಣಗ್ತಾ ಒಣಗ್ತಾ ಬಿಳಿ ಮೇಲೆ ಬರುತ್ತೆ. ಹತ್ತು ನಿಮಿಷ ಬಿಟ್ಟು ತಿರುಗಿ ನೋಡಿದರೆ, ನಾವು ಎಳೆದದ್ದಕ್ಕಿಂತ ಚಂದದ ಗೆರೆ ಅಲ್ಲಿರುತ್ತೆ.

ನಾನು ಹಾಳು ಮಾಡಿದ್ದೂ ಒಣಗಿದ ಮೇಲೇ ಕಂಡಿದ್ದು. ಬಲಗಡೆ ತೋರಣದ ಸಾಲಲ್ಲಿ ಒಂದು ಖಾನೆ ಜಾಸ್ತಿಯಾಗಿ, ಅಂಚು ಮೂಲೆಗೆ ಬಂದು ಕೂಡಲಿಲ್ಲ. ಒರೆಸೋಣ ಅಂದ್ರೆ ಕೆಮ್ಮಣ್ಣೂ ಕಿತ್ತು ಬರುತ್ತೆ. ಅಜ್ಜಿ ಹತ್ತಿರ ಬಂದು, ಮೂಲೆಯಲ್ಲಿ ಉಳಿದ ಸಂದಿಗೆ ನಡುಗೋ ಕೈಯಲ್ಲೇ ಒಂದು ಹಕ್ಕಿ ಕೂರಿಸಿದಳು. ಕೊಕ್ಕು ಸೊಟ್ಟ. ಯಾವ ಫ್ಲೆಕ್ಸ್‌ನಲ್ಲೂ ಇಲ್ಲದ ಹಕ್ಕಿ. ಫೋಟೋದಲ್ಲಿ ಅದು ನನ್ನ ಗಂಡನ ಭುಜದ ಮೇಲೆ ಕೂತ ಹಾಗೆ ಬಂದಿದೆ.

ಬರೆಯುವಾಗ ಹಾಡಬೇಕು ಅಂತ. ಅಜ್ಜಿಗೆ ಹಾಡಿನ ಮೊದಲ ನಾಲ್ಕೈದು ಸಾಲು ಬಂತು, ಮುಂದಿನದು ಮರೆತಿತ್ತು. "ನಮ್ಮವ್ವ ಹೇಳ್ತಿದ್ಲು" ಅಂತ ಸುಮ್ಮನಾದಳು. ಅಜ್ಜಿಯ ತೌರು ಶರಾವತಿಯ ಆಚೆ ದಡದ ಒಂದು ಹಳ್ಳಿ. ಅವಳ ಮದುವೆಯಾಗಿ ನಾಲ್ಕು ವರ್ಷಕ್ಕೆ, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದು ಊರು ಮುಳುಗಿತು. ಅವಳ ಮದುವೆಯ ಹಸೆ ಬರೆದ ಗೋಡೆಯೂ ಅದರ ಜೊತೆಗೆ ಹೋಯಿತು. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಬೋಳು ದಿಬ್ಬ ಮೇಲೆ ಬರುತ್ತಲ್ಲ, ಅದನ್ನು ನೋಡೋಕೆ ಒಂದು ಸಲ ಕರೆದುಕೊಂಡು ಹೋಗ್ತೀನಿ ಅಂದಿದ್ದಕ್ಕೆ, "ಅಲ್ಲೆಂತ ಐತೆ? ಕೆಸರು" ಅಂದಳು. ನಾನು ಈ ಗೋಡೆಗೆ ಹಟ ಹಿಡಿದಾಗ ಮನೆಯಲ್ಲಿ ಮೊದಲು ನನ್ನ ಕಡೆ ನಿಂತವಳು ಅವಳೇ. ಯಾಕೆ ಅಂತ ನಾನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಆಚೆ ದಡದ ನೆಂಟರ ವಿಷಯ ಬಂತಲ್ಲ, ತುಮರಿ ಕಡೆಯಿಂದ ಮೂವತ್ತೆಂಟು ಜನ ಬರಬೇಕಿತ್ತು. ಆಗ ಬರೋದು ಲಾಂಚಿನಲ್ಲೇ ಆಗಿತ್ತು. ಸಂಜೆ ಮೇಲೆ ಲಾಂಚಿರಲಿಲ್ಲ, ಹಾಗಾಗಿ ಹಿಂದಿನ ದಿನವೇ ಬಂದು ಇಳಿದರು. ಮೂವತ್ತೆಂಟು ಜನರಿಗೆ ಚಾಪೆ, ದಿಂಬು ಹೊಂದಿಸೋದರಲ್ಲಿ ತಮ್ಮನ ಅರ್ಧ ದಿನ ಹೋಯಿತು. ನಮ್ಮ ಮದುವೆಯಾಗಿ ಎರಡು ತಿಂಗಳಿಗೆ, ಜುಲೈ 14ಕ್ಕೆ, ಅಂಬಾರಗೋಡ್ಲು ಕಳಸವಳ್ಳಿ ನಡುವೆ ಹಿನ್ನೀರಿನ ಮೇಲೆ ಕಟ್ಟಿದ ಎರಡೂವರೆ ಕಿಲೋಮೀಟರ್ ಹತ್ತಿರದ ಸೇತುವೆ ಉದ್ಘಾಟನೆಯಾಯ್ತು. ಅರುವತ್ತು ವರ್ಷ ಕಾದವರಿಗೆ ಎರಡು ತಿಂಗಳು ಯಾವ ಲೆಕ್ಕ, ಆದರೂ ತಮ್ಮ ಈಗಲೂ ಆ ದಿಂಬುಗಳ ಬಗ್ಗೆ ಮಾತಾಡ್ತಾನೆ.

ಊಟದ ಕಾಂಟ್ರಾಕ್ಟರ್ ಜೊತೆ ಆದ ಮಾತುಕತೆಯನ್ನು ಪೂರ್ತಿ ಬರೆದರೆ ಇನ್ನೊಂದು ಲೇಖನ ಆಗುತ್ತೆ. ಅವರ ಪಟ್ಟಿಯಲ್ಲಿ ಪನೀರು, ಬೇಬಿ ಕಾರ್ನು, ಗೋಬಿ ಮಂಚೂರಿ. ಮೇ ತಿಂಗಳಲ್ಲಿ, ಮನೆ ಸುತ್ತ ಹಲಸು ಬಿದ್ದು ನೊಣ ಮುತ್ತಿರೋವಾಗ, ಗೋಬಿ ಯಾಕೆ? "ಹುಡುಗರು ಕೇಳ್ತಾರೆ ಮೇಡಂ. ಈಗ ಬಣ್ಣ ಹಾಕೋದಿಲ್ಲ, ಸರ್ಕಾರ ನಿಲ್ಸಿದೆ" ಅಂದ್ರು. 2024ರ ಮಾರ್ಚಲ್ಲಿ ಗೋಬಿಗೆ ಕೃತಕ ಬಣ್ಣ ಹಾಕೋದನ್ನು ನಿಷೇಧ ಮಾಡಿದ್ರಲ್ಲ, ಅದು. ಬಣ್ಣವಿಲ್ಲದ ಗೋಬಿಗೂ ಒಲ್ಲೆ ಅಂದೆ. ನಮ್ಮ ಪಟ್ಟಿ ಹೀಗಾಯ್ತು: ಬಂದವರಿಗೆ ಮುರುಗಲ ಹಣ್ಣಿನ ಪಾನಕ, ಊಟಕ್ಕೆ ಎಳೆ ಹಲಸಿನಕಾಯಿ ಪಲ್ಯ, ಗದ್ದೆಯಲ್ಲಿ ಬೆಳೆದ ಮೊಗೆಕಾಯಿ ಹುಳಿ, ಕಾಡುಮಾವಿನ ಹಣ್ಣಿನ ಸಾಸಿವೆ, ಅಪ್ಪೆಹುಳಿ, ಹಲಸಿನ ಹಪ್ಪಳ, ಹೋಳಿಗೆ, ಅತ್ತೆಯ ಮಿಡಿ ಉಪ್ಪಿನಕಾಯಿ. ಕಾಂಟ್ರಾಕ್ಟರು "ಇದೆಲ್ಲ ಮನೆ ಊಟ ಆಯ್ತಲ್ಲ, ಮದುವೆ ಊಟ ಅನ್ನಿಸಲ್ಲ" ಅಂದ್ರು. ಅವರು ಹೇಳಿದ್ದು ಅರ್ಧ ನಿಜವಾಯ್ತು. ದೊಡ್ಡವರು ಸಾಸಿವೆಯ ಮಾವಿನ ಓಟೆ ಚೀಪಿ ಚೀಪಿ ಎಲೆ ತುದಿಯಲ್ಲಿ ಸಾಲಾಗಿ ಇಟ್ಟರು. ಹುಡುಗರು ಸಂಜೆ ಪೇಟೆಗೆ ಹೋಗಿ ಗೋಬಿ ತಿಂದು ಬಂದರು. ನನ್ನ ತಮ್ಮನೇ ಮುಂದಾಳು.

ಹಲಸಿನ ಹಣ್ಣಿನ ಕಡುಬನ್ನು ಸಾಗವಾನಿ ಎಲೆಯಲ್ಲಿ ಕಟ್ಟಿ ಬೇಯಿಸಿ ಆರುನೂರು ಜನಕ್ಕೂ ಕೊಡಬೇಕು ಅನ್ನೋ ಆಸೆ ನನಗಿತ್ತು. ಎಲೆಯ ಕೆಂಪು ಕಡುಬಿಗೆ ಇಳಿಯುತ್ತಲ್ಲ, ಆ ಬಣ್ಣದ ಆಸೆ. ದೊಡ್ಡಮ್ಮ ಒಂದೇ ಮಾತು ಕೇಳಿದಳು: "ತೊಳೆ ಬಿಡಿಸೋಳು ನೀನಾ?" ಬೆಳಗಿನ ತಿಂಡಿಗೆ ಮನೆಯಲ್ಲಿ ಉಳಿದವರಿಗೆ ಅಂತ ಅರುವತ್ತು ಕಡುಬಿಗೆ ಇಳಿದೆ. ಅದಕ್ಕೇ ನಾಲ್ಕು ಹೆಂಗಸರು, ಮೂರು ಹಣ್ಣು, ಅರ್ಧ ಲೀಟರ್ ಕೊಬ್ಬರಿ ಎಣ್ಣೆ, ಒಂದು ರಾತ್ರಿ. ಮಾರನೇ ದಿನದ ಬೀಗರೂಟದ ಕೋಳಿ ಕಜ್ಜಾಯದ ಬಗ್ಗೆ ಕೇಳಬೇಡಿ, ಈಗ ಬರೆದರೆ ಹಸಿವಾಗುತ್ತೆ.

ಅಕ್ಕಿ ಮಾತ್ರ ನಮ್ಮ ಗದ್ದೆಯದೇ ಅಂತ ಅಪ್ಪ ಮೊದಲೇ ಹೇಳಿದ್ದ. ಕಾಂಟ್ರಾಕ್ಟರು ನಾವೇ ಸಣ್ಣಕ್ಕಿ ತರ್ತೀವಿ ಅಂದರೂ ಬಿಡಲಿಲ್ಲ. ಎಪ್ಪತ್ತು ಕೆಜಿ ಅಕ್ಕಿಯನ್ನು ತಕ್ಕಡಿಗೆ ಹಾಕಿ ಕೊಡೋದು ಬಿಟ್ಟು, ಅಟ್ಟದ ಮೇಲಿದ್ದ ಮರದ ಕೊಳಗ ಇಳಿಸಿ ಅದರಲ್ಲಿ ಅಳೆದು ಕೊಟ್ಟ. ಕಾಗೋಡು ನಮ್ಮ ತಾಲೂಕೇ. ಅಲ್ಲಿನ 1951ರ ರೈತ ಸತ್ಯಾಗ್ರಹ ಶುರುವಾಗಿದ್ದು ಜಮೀನಿನ ಒಡೆಯರಿಗೆ ಕೊಡೋ ಗೇಣಿ ಅಳೆಯೋ ಕೊಳಗ ಎಷ್ಟು ದೊಡ್ಡದಿರಬೇಕು ಅನ್ನೋ ತಕರಾರಿನಿಂದ, ಗೇಣಿದಾರರಲ್ಲಿ ಹೆಚ್ಚಿನವರು ನಮ್ಮವರೇ. ಅಪ್ಪನ ಅಜ್ಜನೂ ಗೇಣಿ ಅಳೆದವನು. ಅಪ್ಪ ಭಾಷಣ ಏನೂ ಮಾಡಲಿಲ್ಲ. ಪ್ರತಿ ಕೊಳಗದ ಬಾಯಿಯನ್ನೂ ಅಂಗೈಯಲ್ಲಿ ಸವರಿ ಮಟ್ಟ ಮಾಡದೆ ರಾಶಿ ಏರಿಸಿಯೇ ಸುರಿದ, ಅಷ್ಟೇ. ಕಾಂಟ್ರಾಕ್ಟರು ವಾಚು ನೋಡ್ತಾ ನಿಂತಿದ್ದರು.

ಚಪ್ಪರಕ್ಕೆ ನಮಗೆ ಹೊಸದಾಗಿ ಕಂಬ ನೆಡೋ ಕೆಲಸವೇ ಇರಲಿಲ್ಲ. ಅಡಿಕೆ ಒಣಗಿಸೋಕೆ ಹಾಕಿದ ಅಟ್ಟದ ಚಪ್ಪರ ಅಂಗಳದಲ್ಲಿತ್ತು. ಅಡಿಕೆ ದಬ್ಬೆ (ಸೀಳಿದ ಮರ) ಬದಲಾಯಿಸಿ, ಮೇಲೆ ಸೋಗೆ (ಅಡಿಕೆ ಗರಿ) ಹೊದಿಸಿ, ಕಂಬಕ್ಕೆ ಬಾಳೆ, ಸಿಂಗಾರ ಕಟ್ಟಿದರೆ ಆಯ್ತು. ಸಿಂಗಾರ ಎಷ್ಟು ಬೇಕೋ ಅಷ್ಟು ಕೊಯ್ತೀನಿ ಅಂದಾಗ ಅಪ್ಪ ತಡೆದ. ಒಂದು ಸಿಂಗಾರ ಅಂದ್ರೆ ಒಂದು ಗೊನೆ ಅಡಿಕೆ. ಲೆಕ್ಕ ಹಾಕಿ ಹನ್ನೊಂದು ಕೊಟ್ಟ. ಬೆಂಗಳೂರಿನವರ ಪ್ಲಾಸ್ಟಿಕ್ ಸಿಂಗಾರಕ್ಕೆ ಇನ್ನೊಂದು ಅರ್ಥವೂ ಇದೆ ಅಂತ ಆಗ ಅನ್ನಿಸ್ತು.

ಹದಿನೇಳನೇ ತಾರೀಕು ಸಂಜೆ ಮಳೆ. ಗುಡುಗು, ಗಾಳಿ, ಆಲಿಕಲ್ಲು ಒಂದು ಬಿಟ್ಟು ಎಲ್ಲ. ಮೇ ಮಳೆ ನಮ್ಮಲ್ಲಿ ಹೊಸದಲ್ಲ, ಬರುತ್ತೆ, ಹೊಡೆಯುತ್ತೆ, ಹೋಗುತ್ತೆ. ಆದರೆ 2025ರ ಮೇ ಬೇರೆ ಥರ ಇತ್ತು. ಜೂನ್ 1ರ ಹೊತ್ತಿಗೆ ಕೇರಳ ಮುಟ್ಟಬೇಕಾದ ಮುಂಗಾರು ಆ ವರ್ಷ ಮೇ 24ಕ್ಕೇ ಮುಟ್ಟಿತು. ಅದರ ಮುನ್ಸೂಚನೆ ಎಲ್ಲ ನಮ್ಮ ಅಂಗಳದಲ್ಲೇ ಸುರಿದ ಹಾಗಿತ್ತು. ಸೋಗೆ ಮೇಲೆ ಅವಸರದಲ್ಲಿ ಎಳೆದ ಟಾರ್ಪಾಲು ನೀರು ತುಂಬಿ ಎಮ್ಮೆ ಕೆಚ್ಚಲಿನ ಹಾಗೆ ಜೋತು ಬಿತ್ತು. ತಮ್ಮ, ಭಾವ, ತುಮರಿಯಿಂದ ಬಂದ ಮೂವತ್ತೆಂಟರಲ್ಲಿ ಗಟ್ಟಿಮುಟ್ಟಾದವರೆಲ್ಲ ಅಡಿಕೆ ದಬ್ಬೆ ಹಿಡಿದು ಕೆಳಗಿಂದ ಎತ್ತಿ ಎತ್ತಿ ನೀರು ಚೆಲ್ಲಿದರು. ರಾತ್ರಿ ಹನ್ನೊಂದಕ್ಕೆ ಕರೆಂಟು ಹೋಯಿತು. ಅಂಗಳ ಗದ್ದೆಯಾಗಿತ್ತು.

ಆಗ ಅಪ್ಪ ಮಾಡಿದ ಕೆಲಸ ಯಾವ ಇವೆಂಟ್ ಕಂಪನಿಯವರ ಪಟ್ಟಿಯಲ್ಲೂ ಇರಲಿಕ್ಕಿಲ್ಲ. ತೋಟದ ಮೂಲೆಯಲ್ಲಿ ಗುಡ್ಡೆ ಹಾಕಿದ್ದ ಅಡಿಕೆ ಸಿಪ್ಪೆಯನ್ನು ಬುಟ್ಟಿ ಬುಟ್ಟಿ ಹೊರಿಸಿ ಅಂಗಳದ ತುಂಬ ಹರವಿಸಿದ. ಬೆಳಿಗ್ಗೆ ಹೊತ್ತಿಗೆ ಅದು ಕೆಸರನ್ನು ಕುಡಿದು ಕಾಲಿಗೆ ಮೆತ್ತನೆಯ ಹಾಸಾಗಿತ್ತು. ವಾಸನೆ ಸ್ವಲ್ಪ ಇತ್ತು, ಸುಳ್ಳು ಹೇಳಲ್ಲ. ಗಂಡಿನ ಕಡೆಯ ಒಬ್ಬರು ಅಜ್ಜ ಚಪ್ಪಲಿ ಬಿಟ್ಟು ಅದರ ಮೇಲೆ ನಡೆದು, "ಈ ಕಾರ್ಪೆಟ್ ಚಲೋ ಐತೆ" ಅಂದ್ರು. ಅಮ್ಮ ಉಸಿರು ಬಿಟ್ಟಿದ್ದು ಆಗಲೇ.

ಹಸೆಗೆ ಬಲಗಡೆಯಿಂದ ಎರಚಲು ಹೊಡೆದಿತ್ತು. ಕೆಳಗಿನ ಒಂದು ಮೊಳದಷ್ಟು ಬಿಳಿ ಕರಗಿ ಕೆಮ್ಮಣ್ಣಿನ ಮೇಲೆ ಉದ್ದುದ್ದ ಇಳಿದಿತ್ತು. ಅತ್ತೆ ಬೆಳಿಗ್ಗೆ ಐದಕ್ಕೇ ಹಿಟ್ಟು ಕಲಸಿಕೊಂಡು ಬಂದಳು. ಗೋಡೆ ಇನ್ನೂ ಹಸಿ, ಈಗ ಮುಟ್ಟಿದರೆ ಇರೋದೂ ಹೋಗುತ್ತೆ ಅಂತ ಅಜ್ಜಿ ಬಿಡಲಿಲ್ಲ. ಅಲ್ಲಿಗೆ ಕಳಶದ ಮಣೆ ಸರಿಸಿ ಇಟ್ಟರು, ಮುಗೀತು. ಮಳೆಯಿಂದ ಒಂದು ಲಾಭವೂ ಆಯ್ತು. ಹಿತ್ತಲಿನ ಹಲಸಿನ ಮರಕ್ಕೆ ಅಂಟಿಕೊಂಡಿದ್ದ ಸೀತಾಳೆ ದಂಡೆ (ಮರದ ಮೇಲೆ ಬೆಳೆಯೋ ಕಾಡು ಆರ್ಕಿಡ್) ಒಂದೆರಡು ದಿನದ ಹಿಂದೆ ಬಿರಿಯೋಕೆ ಶುರು ಮಾಡಿತ್ತು. ಆ ಬೆಳಿಗ್ಗೆ ಪೂರ್ತಿ ಅರಳಿ ಜೋತಿತ್ತು. ಮುಡಿಗೆ ಅಂತ ಪೇಟೆಯಿಂದ ತಂದ ಮಲ್ಲಿಗೆ ದಂಡೆ ಇತ್ತು. ಅದರ ಪಕ್ಕಕ್ಕೆ ಆ ಒಂದೇ ಒಂದು ಗೊಂಚಲನ್ನು ಅಕ್ಕ ಸಿಕ್ಕಿಸಿದಳು. ಕಾಡಿಂದ ತರಿಸಿಲ್ಲ, ನಮ್ಮ ಮರದ್ದು, ಉಳಿದ ಮೂರು ಗೊಂಚಲು ಮರದಲ್ಲೇ ಬಿಟ್ಟಿದ್ವಿ ಅಂತ ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಫೋಟೋ ನೋಡಿದ ಮೂರು ಜನ ಗೆಳತಿಯರು ನನ್ನ ಮೇಲೆ ಬಿದ್ದಿದ್ದರು.

ಧಾರೆ ಹತ್ತೂಕಾಲಿಗೆ. ಅದರ ಬಗ್ಗೆ ಹೇಳೋಕೆ ಜಾಸ್ತಿ ನೆನಪಿಲ್ಲ. ಬೆನ್ನ ಹಿಂದೆ ಹಸಿ ಮಣ್ಣಿನ ತಂಪು ಇತ್ತು. ಅವನ ರೇಷ್ಮೆ ಶಲ್ಯಕ್ಕೆ ಕೆಮ್ಮಣ್ಣು ಹತ್ತಿ ಇನ್ನೂ ಹೋಗಿಲ್ಲ, ಡ್ರೈ ಕ್ಲೀನಿಂಗಿಗೆ ಎರಡು ಸಲ ಕೊಟ್ಟಾಯ್ತು. ಬಾಡಿಗೆಯ ಕೆಂಪು ಕುರ್ಚಿಗಳ ಮೇಲೆ ಮಕ್ಕಳು ಹತ್ತಿ ಕುಣಿದು ಒಂದರ ಕೈ ಮುರಿಯಿತು. ಅದಕ್ಕೆ ಎಂಟುನೂರು ದಂಡ.

ಜೂನಲ್ಲಿ ತಮ್ಮ ಒಂದು ಫೋಟೋ ಕಳಿಸಿದ. ಕೊಟ್ಟಿಗೆ ಗೋಡೆ ಕಾಣಿಸ್ತಾನೇ ಇಲ್ಲ. ಸೋಗೆ ತಟ್ಟಿ ಹೆಣೆದು ಮುಂದೆ ಕಟ್ಟಿದಾರೆ, ಎರಚಲು ಹೊಡೀಬಾರದು ಅಂತ. ಮೊದಲೆಲ್ಲ ಮಣ್ಣಿನ ಮನೆಗಳಿಗೆ ಮಳೆಗಾಲದ ಮುಂಚೆ ಕಟ್ತಿದ್ದದ್ದು. "ಅಪ್ಪ ಕಟ್ಟಿದ್ದಾ?" ಅಂತ ಕೇಳಿದೆ. ಅಮ್ಮ ಎರಡು ದಿನ ಅಪ್ಪನ ಹಿಂದೆ ಬಿದ್ದು ಕಟ್ಟಿಸಿದಳಂತೆ. ಬೈಕು ಆ ಗೋಡೆಗೆ ತಾಗಿಸಿ ನಿಲ್ಲಿಸೋ ಹಾಗಿಲ್ಲ ಅಂತ ತಮ್ಮನಿಗೆ ಆರ್ಡರೂ ಆಗಿದೆ.

ದೀಪಾವಳಿಗೆ ತಟ್ಟಿ ಬಿಚ್ಚಿದಾಗ ನಾವು ಹೋಗೋಕೆ ಆಗಲಿಲ್ಲ, ರಜೆ ಸಿಗಲಿಲ್ಲ. ಕೆಂಪು ಹಾಗೇ ಇದೆಯಂತೆ, ಬಿಳಿ ಎಳೆಗಳನ್ನು ಅಲ್ಲಲ್ಲಿ ಇರುವೆ ತಿಂದಿವೆ. ಅಕ್ಕಿಯಲ್ಲವಾ. ಅವತ್ತೇ ಸಂಜೆ ಇನ್ನೊಂದು ಫೋಟೋ ಬಂತು. ಅಮ್ಮ ಸೀರೆ ಎತ್ತಿ ಕಟ್ಟಿ, ನಾಲಿಗೆ ಕಚ್ಚಿಕೊಂಡು, ಪುಂಡಿ ನಾರು ಹಿಡಿದು ಗೋಡೆಗೆ ಮುಖ ಮಾಡಿ ನಿಂತಿದಾಳೆ. ಹಿಂದೆ ಕುರ್ಚಿಯಲ್ಲಿ ಅಜ್ಜಿ, ಕೈ ಎತ್ತಿ ಏನೋ ಬೈತಾ ಇರೋ ಹಾಗೆ. ಗೀಟು ಪೂರಾ ಸೊಟ್ಟ. ಸ್ಟೇಟಸ್‌ಗೆ ಹಾಕಬೇಡ ಅಂತ ಹೇಳಿ ಕಳಿಸಿದಾಳೆ.